ಕಾದಂಬರಿಕಾರರಿಗೆ ಕೂಲಿ ಕೊಡಿ

ಬರೆಯುವುದು ದುಡಿಮೆಯಲ್ಲ, ಸೇವೆ. ಹೊಟ್ಟೆಪಾಡಿಗೆ ಬರೆದದ್ದು ಗಟ್ಟಿ ಸಾಹಿತ್ಯವಾಗುವುದಿಲ್ಲ. ನಿಜವಾದ ಲೇಖಕ ಅನ್ನಕ್ಕೆ ಬೇರೆ ದಾರಿ ಮಾಡಿಕೊಂಡು, ಮನಸ್ಸಿನ ಸಮಾಧಾನಕ್ಕೆ ಬರೆಯುತ್ತಾನೆ. ಕನ್ನಡದ ಸಾಹಿತ್ಯ ವಲಯದಲ್ಲಿ ಇದು ಎಷ್ಟು ಬೇರೂರಿದ ನಂಬಿಕೆಯೆಂದರೆ, ಯಾರೂ ಇದನ್ನು ವಾದಿಸಿ ಸ್ಥಾಪಿಸುವ ಗೋಜಿಗೇ ಹೋಗುವುದಿಲ್ಲ. ಪ್ರಕಾಶಕರು ಇದನ್ನು ಹೇಳುತ್ತಾರೆ, ಸಮಾರಂಭದ ಸಂಘಟಕರು ಹೇಳುತ್ತಾರೆ, ತಿಂಗಳ ಕೊನೆಗೆ ಸಂಬಳ ಎಣಿಸುವ ಲೇಖಕರೂ ಹೇಳುತ್ತಾರೆ. ಕೇಳುವುದಕ್ಕೆ ಬಹಳ ಉದಾತ್ತವಾಗಿದೆ. ಕನ್ನಡ ಕಾದಂಬರಿಗೆ ಇದರಷ್ಟು ಕೇಡು ಮಾಡಿದ ಮಾತು ಇನ್ನೊಂದಿಲ್ಲ ಎನ್ನುವುದು ನನ್ನ ವಾದ.

ಈ ನಂಬಿಕೆಗೆ ಸಾಕ್ಷಿಯಾಗಿ ಎಲ್ಲರೂ ಮೊದಲು ಕರೆಯುವುದು ಗಳಗನಾಥರನ್ನು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರಿಕೆ ಬಿಟ್ಟು ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಹಾವೇರಿ ಸೀಮೆಯ ಆ ಮನುಷ್ಯನ ಕತೆಯನ್ನು ವೇದಿಕೆಗಳಲ್ಲಿ ಕಣ್ಣು ತುಂಬಿಕೊಂಡು ಹೇಳುತ್ತಾರೆ: ನೋಡಿ, ಎಂಥ ತ್ಯಾಗ, ಎಂಥ ನಿಸ್ವಾರ್ಥ ಸೇವೆ! ಆದರೆ ಆ ಗಂಟಿನಲ್ಲಿದ್ದದ್ದು ಮಾರುವ ಪುಸ್ತಕ. ಅವರು ಅದನ್ನು ದಾನ ಮಾಡುತ್ತ ಹೊರಟಿರಲಿಲ್ಲ. ಬರೆದದ್ದಕ್ಕೆ ಬೆಲೆ ಬರಬೇಕು, ಆ ಬೆಲೆಯಲ್ಲಿ ಮುಂದಿನ ಪುಸ್ತಕ ಅಚ್ಚಾಗಬೇಕು, ಮನೆ ನಡೆಯಬೇಕು ಎಂದೇ ಬಿಸಿಲಲ್ಲಿ ನಡೆದರು. ಅಂಗಡಿಯಿಲ್ಲದ, ಏಜೆಂಟರಿಲ್ಲದ, ಓದುಗನಿಗೆ ಪುಸ್ತಕ ಮುಟ್ಟಿಸುವ ವ್ಯವಸ್ಥೆಯೇ ಇಲ್ಲದ ನಾಡಿನಲ್ಲಿ ಲೇಖಕ ತಾನೇ ಹಮಾಲನಾಗಬೇಕಾಯಿತು. ಅವರು ತೀರಿಕೊಂಡದ್ದು 1942ರಲ್ಲಿ. ಇಂದಿಗೂ ಆ ಹೊರೆಯನ್ನು ಇಳಿಸಬೇಕಾಗಿದ್ದ ನಾವು ಅದನ್ನು ಆದರ್ಶ ಮಾಡಿಕೊಂಡು ಕೂತಿದ್ದೇವೆ.

ಅವರ ಹಿಂದೆ ಬಂದವರನ್ನು ನೋಡಿ. ಅ.ನ.ಕೃ. ಬರಹವನ್ನೇ ನೆಚ್ಚಿ ಬದುಕಿದರು, ನೂರಕ್ಕೂ ಹೆಚ್ಚು ಕಾದಂಬರಿ ಕೊಟ್ಟರು. ತ.ರಾ.ಸು. ಪತ್ರಿಕೆಯ ನೌಕರಿ ಬಿಟ್ಟು ಕಾದಂಬರಿಗೇ ನಿಂತರು. ಬಸವರಾಜ ಕಟ್ಟೀಮನಿ, ನಿರಂಜನ ಇಬ್ಬರೂ ಬರಹವನ್ನೇ ವೃತ್ತಿ ಮಾಡಿಕೊಂಡವರು. ಪಾರ್ಶ್ವವಾಯು ಬಡಿದ ಮೇಲೂ ನಿರಂಜನರು ‘ಮೃತ್ಯುಂಜಯ’ದಂಥ ದೊಡ್ಡ ಕಾದಂಬರಿ ಮುಗಿಸಿದರು, ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟ ಇಟ್ಟರು, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, ಮುಖಪುಟವನ್ನೂ ತಾವೇ ಬರೆದರು, ಸಾಲ ಮಾಡಿದರು, ತೀರಿಸಿದರು. ಕನ್ನಡ ಕಾದಂಬರಿಗೆ ಓದುಗರನ್ನು ಹುಟ್ಟಿಸಿದ್ದು ಈ ಪೀಳಿಗೆ. ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ ಹಿಡಿದದ್ದು, ವಾರಪತ್ರಿಕೆಯ ಧಾರಾವಾಹಿಗೆ ಮನೆಮಂದಿ ಕಾದದ್ದು ಇವರಿಂದ. ಇವರಲ್ಲಿ ಯಾರಿಗೂ ಹಣದ ಮಾತು ಮೈಲಿಗೆಯಾಗಿರಲಿಲ್ಲ.

ಇಲ್ಲಿ ವಿಮರ್ಶಕರು ತಡೆಯುತ್ತಾರೆ. ಅ.ನ.ಕೃ. ನೂರು ಬರೆದರು ನಿಜ, ಅದರಲ್ಲಿ ಉಳಿದದ್ದೆಷ್ಟು? ಹೊಟ್ಟೆಪಾಡಿಗೆ ಬರೆದರೆ ಹೀಗೇ ಆಗುತ್ತದೆ ಎನ್ನುತ್ತಾರೆ. ಉಳಿದದ್ದು ಕಡಿಮೆ ಎನ್ನುವುದನ್ನು ನಾನು ಒಪ್ಪುತ್ತೇನೆ. ‘ಸಂಧ್ಯಾರಾಗ’ ಬರೆದ ಕೈಯಿಂದ ಅವಸರದ ಪುಸ್ತಕಗಳೂ ಬಂದವು. ಆದರೆ ಕಾರಣವನ್ನು ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ಜನಪ್ರಿಯ ಕಾದಂಬರಿಯ ಆ ಕಾಲದಲ್ಲಿ ಒಂದಿಡಿ ಮೊತ್ತಕ್ಕೆ ಹಕ್ಕು ಬರೆಸಿಕೊಳ್ಳುವ ಪದ್ಧತಿ ಸಾಮಾನ್ಯವಾಗಿತ್ತು. ಹಾಗೆ ಕೊಟ್ಟ ಪುಸ್ತಕ ಎಷ್ಟು ಸಲ ಮರುಮುದ್ರಣವಾದರೂ ಬರೆದವರಿಗೆ ಮತ್ತೆ ಕಾಸು ಬಾರದು. ಮನೆ ಬಾಡಿಗೆಗೆ ಮುಂದಿನ ತಿಂಗಳು ಇನ್ನೊಂದು ಕಾದಂಬರಿಯೇ ಬೇಕು. ಬರೆದದ್ದಕ್ಕೆ ನ್ಯಾಯವಾದ ಪಾಲು, ಮರುಮುದ್ರಣಕ್ಕೆ ಮರುಪಾಲು ಬಂದಿದ್ದರೆ ಒಬ್ಬ ಲೇಖಕ ಒಂದು ಕಾದಂಬರಿಯ ಮೇಲೆ ಮೂರು ವರ್ಷ ಕೂರಬಹುದಿತ್ತು. ಅವಸರ ಹುಟ್ಟಿದ್ದು ಹಣ ಸಾಲದೆ ಹೋದದ್ದರಿಂದ.

ಹೊಟ್ಟೆಪಾಡಿನ ಲೇಖಕ ಗಟ್ಟಿಯಾಗಿ ಬರೆಯಲಾರ ಎನ್ನುವವರಿಗೆ ತ.ರಾ.ಸು. ಒಬ್ಬರೇ ಸಾಕು. ಅವರ ‘ಹಂಸಗೀತೆ’ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು, 1972ರಲ್ಲಿ ‘ನಾಗರಹಾವು’ ಕನ್ನಡ ಚಿತ್ರವಾಯಿತು. ಜನಪ್ರಿಯ ಲೇಖಕ ಎಂದು ಬದಿಗಿಡಲು ಬೇಕಾದ ಗುರುತೆಲ್ಲ ಅವರಲ್ಲಿತ್ತು. ಅದೇ ಮನುಷ್ಯ ‘ಕಂಬನಿಯ ಕುಯಿಲು’ವಿನಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಚಿತ್ರದುರ್ಗದ ಪಾಳೆಯಗಾರರ ಕತೆಯನ್ನು ಕಾದಂಬರಿಯ ಮೇಲೆ ಕಾದಂಬರಿಯಾಗಿ, ದಶಕಗಳುದ್ದಕ್ಕೂ ಬಿಡದೆ ಬರೆದರು. ಶಾಸನ, ಬಖೈರು, ಕೋಟೆಯ ಸುತ್ತುಗಳನ್ನೆಲ್ಲ ಅರಗಿಸಿಕೊಂಡು ಬರೆದ ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರು ತೀರಿಕೊಂಡ ಮೇಲೆ, 1985ರಲ್ಲಿ. ಹೊರನಾಡಿನ ಉದಾಹರಣೆಯೇ ಬೇಕೆಂದರೆ, ‘ಅಪರಾಧ ಮತ್ತು ಶಿಕ್ಷೆ’ 1866ರಲ್ಲಿ ಪತ್ರಿಕೆಯ ಧಾರಾವಾಹಿಯಾಗಿ ಬರುತ್ತಿದ್ದಾಗ ದಾಸ್ತಯೇವ್‌ಸ್ಕಿ ಸಾಲಗಾರರ ಕಾಟದಲ್ಲಿ ಮುಳುಗಿದ್ದರು. ಹಣ ಬೇಕಾಗಿದ್ದದ್ದು ಆ ಪುಸ್ತಕವನ್ನು ಸಣ್ಣದು ಮಾಡಲಿಲ್ಲ.

ಈಗಿನ ಲೆಕ್ಕಕ್ಕೆ ಬರೋಣ. 250 ರೂಪಾಯಿ ಮುಖಬೆಲೆಯ ಒಂದು ಕಾದಂಬರಿ, ಸಾವಿರ ಪ್ರತಿ, ಶೇಕಡ 10 ಗೌರವಧನ ಎಂದಿಟ್ಟುಕೊಳ್ಳಿ. ಇದು ಪ್ರಾಮಾಣಿಕ ಪ್ರಕಾಶಕರು ಸಿಕ್ಕಿ, ಎಲ್ಲ ಪ್ರತಿಯೂ ಮುಖಬೆಲೆಗೇ ಮಾರಾಟವಾಗಿ, ಲೆಕ್ಕ ಸರಿಯಾಗಿ ಬಂದರೆ. ಆಗ ಲೇಖಕರ ಕೈಗೆ ಬರುವುದು 25,000 ರೂಪಾಯಿ. ಆ ಕಾದಂಬರಿಗೆ ಎರಡು ವರ್ಷ ಹಿಡಿದಿದ್ದರೆ ತಿಂಗಳಿಗೆ ಸಾವಿರ ಚಿಲ್ಲರೆ. ಕರ್ನಾಟಕದಲ್ಲಿ 2024–25ರ ನರೇಗಾ ದಿನಗೂಲಿ 349 ರೂಪಾಯಿ. ಎರಡು ವರ್ಷದ ಕಾದಂಬರಿ ಆ ಕೂಲಿಯ 72 ದಿನಕ್ಕೆ ಸಮ. ಯೋಜನೆಯಲ್ಲಿ ಹೆಸರು ಬರೆಸಿದ ಮನೆಗೆ ಕಾನೂನು ಖಾತ್ರಿ ಕೊಟ್ಟದ್ದು ವರ್ಷಕ್ಕೆ 100 ದಿನ. ಕೆರೆಯ ಹೂಳೆತ್ತುವ ಕೆಲಸ ಕೀಳೆಂದು ಇದನ್ನು ಹೇಳುತ್ತಿಲ್ಲ. ಆ ಕೂಲಿಯೇ ಕಡಿಮೆ. ಅಲ್ಲಿ ದುಡಿದವರಿಗೆ ಕೂಲಿ ಕೇಳುವ ಹಕ್ಕಿದೆ, ಹಾಜರಿ ಪುಸ್ತಕವಿದೆ, ತಡವಾದರೆ ಪಂಚಾಯಿತಿ ಮುಂದೆ ಧರಣಿ ಕೂರಬಹುದು. ಕಾದಂಬರಿಕಾರರು ಕೇಳಿದರೆ ಅವರ ಬಗ್ಗೆ ಊರೆಲ್ಲ ಆಡಿಕೊಳ್ಳುತ್ತದೆ.

ಬಹಳ ಮಂದಿಗೆ ಆ 25,000 ಕೂಡ ಬರುವುದಿಲ್ಲ. ಫೋನಿನಲ್ಲಿ ನಡೆಯುವ ಮಾತು ಹೆಚ್ಚು ಕಡಿಮೆ ಒಂದೇ ಥರ. ನನಗೂ ಒಬ್ಬ ಪ್ರಕಾಶಕರು ಹೀಗೇ ಹೇಳಿದ್ದರು: “ಸರ್, ಇಪ್ಪತ್ತೈದು ಪ್ರತಿ ಕಳಿಸಿದ್ದೀನಿ, ನೋಡಿ. ಲೈಬ್ರರಿ ಬಿಲ್ಲು ಇನ್ನೂ ಆಗಿಲ್ಲ. ಆದ ತಕ್ಷಣ ಕೂತು ಲೆಕ್ಕ ಮಾಡೋಣ.” ಆ ಲೆಕ್ಕಕ್ಕೆ ಕೂರುವ ದಿನ ಬರಲಿಲ್ಲ. ಎಷ್ಟು ಅಚ್ಚಾಯಿತು, ಎಷ್ಟು ಹೋಯಿತು ಎಂಬ ಕಾಗದ ನನ್ನ ಕೈಗೆ ಸಿಗಲಿಲ್ಲ. ಎರಡನೇ ಸಲ ಕೇಳಿದಾಗ ಅವರ ದನಿಯಲ್ಲಿ ನೋವಿತ್ತು: “ನೀವೂ ಹೀಗೆ ದುಡ್ಡು ದುಡ್ಡು ಅಂದರೆ ಹೇಗೆ ಸರ್?” ಆ ‘ನೀವೂ’ ಎಂಬುದರ ಹಿಂದೆ ಇಡೀ ಸಾಹಿತ್ಯ ವಲಯದ ಒಪ್ಪಿಗೆ ನಿಂತಿತ್ತು. ಅವರು ಕೆಟ್ಟವರೆಂದು ಹೇಳಲಾರೆ. ಕಾಗದದವರಿಗೆ, ಪ್ರೆಸ್ಸಿನವರಿಗೆ, ಬೈಂಡಿಂಗಿನವರಿಗೆ ಅವರು ಕೊಡಲೇಬೇಕು, ಇಲ್ಲದಿದ್ದರೆ ಮುಂದಿನ ಪುಸ್ತಕ ಹೊರಬರುವುದಿಲ್ಲ. ಕೊಡದೆ ಇದ್ದರೂ ನಡೆಯುವುದು ಒಬ್ಬರಿಗೆ ಮಾತ್ರ.

ಈ ಕೆಲಸ ಕೆಲಸವೇ ಅಲ್ಲ ಎನ್ನುವವರು ಅದನ್ನು ಹತ್ತಿರದಿಂದ ಕಂಡಿಲ್ಲ. ಶಿರಸಿ ಕಡೆಯ ಒಂದು ಸಹಕಾರಿ ಸಂಘದ ಗುಮಾಸ್ತ ಕಾದಂಬರಿಯಲ್ಲಿ ಬರುತ್ತಾನೆ ಎನ್ನಿ. ಅಡಿಕೆಯಲ್ಲಿ ರಾಶಿ ಯಾವುದು, ಚಾಲಿ ಯಾವುದು, ಬೆಟ್ಟೆ ಯಾವುದು, ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಗೋಟನ್ನು ಎತ್ತಿ ನೋಡುವಾಗ ಬೆಳೆಗಾರನ ಮುಖ ಹೇಗಿರುತ್ತದೆ, ಟೆಂಡರಿನ ಚೀಟಿ ಬರೆಯುವವನು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾನೆ, ಇಷ್ಟು ತಿಳಿಯದೆ ಆ ಗುಮಾಸ್ತ ಬಾಯಿ ಬಿಡುವುದಿಲ್ಲ. ಬಸ್ಸು ಹಿಡಿಯಬೇಕು, ಯಾರದೋ ಜಗಲಿಯಲ್ಲಿ ಅರ್ಧ ದಿನ ಕೂರಬೇಕು, ಅಷ್ಟಾಗಿ ಪುಸ್ತಕಕ್ಕೆ ಸಿಗುವುದು ಅರ್ಧ ಪುಟ. ಆಮೇಲೆ ಆ ಗುಮಾಸ್ತನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳಿಯನ ಹತ್ತಿರ ಸಾಲದ ವಿಷಯ ಎತ್ತುತ್ತಾಳೆ. ಮೊದಲ ಕರಡಿನಲ್ಲಿ ಅವಳು ನೇರವಾಗಿ ‘ನೀನು’ ಎಂದು ಕೇಳಿಬಿಟ್ಟಿದ್ದಾಳೆ. ಓದಿದರೆ ಹುಸಿ. ಆ ಮನೆಯಲ್ಲಿ ಅತ್ತೆ ಅಳಿಯನಿಗೆ ‘ನೀವು’ ಎನ್ನುತ್ತಾಳೆ, ಅದನ್ನೂ ಮಗಳ ಕಡೆ ಮುಖ ಮಾಡಿ ಹೇಳುತ್ತಾಳೆ. ಅಷ್ಟು ತಿದ್ದಿದ ಕೂಡಲೇ ಮಗಳು ದೃಶ್ಯದೊಳಗೆ ಬರಬೇಕಾಗುತ್ತದೆ, ಅವಳು ಬಂದರೆ ಹಿಂದಿನ ಅಧ್ಯಾಯದಲ್ಲಿ ಅವಳು ತವರಿಗೆ ಹೋದದ್ದು ಬದಲಾಗಬೇಕು, ಅದು ಬದಲಾದರೆ ಊರ ಜಾತ್ರೆಯ ದಿನವೇ ಹಿಂದೆ ಸರಿಯಬೇಕು. ಒಂದು ಸರ್ವನಾಮ ಸರಿಮಾಡಲು ಹೋಗಿ ಒಂದು ವಾರದ ಕೆಲಸ ಎದ್ದು ಕೂರುತ್ತದೆ. ಸ್ಫೂರ್ತಿ ಬಂದಾಗ ಬರೆಯುತ್ತಾರೆ ಎಂದು ಹೇಳುವವರಿಗೆ ಈ ವಾರ ಕಾಣಿಸುವುದಿಲ್ಲ. ಬೆಳಿಗ್ಗೆ ಕೂತು, ನಿನ್ನೆಯದನ್ನು ಹೊಡೆದುಹಾಕಿ, ಇಂದಿನದನ್ನು ಕಟ್ಟುವ ಈ ದಿನಗಳು ಯಾರದೋ ಅನ್ನದಿಂದ ನಡೆಯಬೇಕು. ಆ ಅನ್ನ ಎಲ್ಲಿಂದ ಬರುತ್ತದೆ?

ನೌಕರಿಯಿಂದ ಬರುತ್ತದೆ ಎಂಬುದು ಸಿದ್ಧ ಉತ್ತರ. ಮಾಸ್ತಿ ಅಧಿಕಾರಿಯಾಗಿರಲಿಲ್ಲವೇ, ಕುವೆಂಪು ಪ್ರಾಧ್ಯಾಪಕರಾಗಿರಲಿಲ್ಲವೇ, ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ದುಡಿಯುತ್ತಲೇ ‘ಶಿಕಾರಿ’ ಬರೆಯಲಿಲ್ಲವೇ? ಬರೆದರು. ‘ಶಿಕಾರಿ’ಗೆ ಆ ಕಂಪನಿಯ ಬದುಕೇ ದ್ರವ್ಯ ಒದಗಿಸಿತು, ನೌಕರಿ ಬರಹಕ್ಕೆ ಯಾವಾಗಲೂ ಶತ್ರು ಎಂದು ನಾನು ಹೇಳಲಾರೆ. ಆದರೆ ಉಳಿದ ಇಬ್ಬರ ಪುಸ್ತಕಗಳ ಇಸವಿ ನೋಡಿ. ಮಾಸ್ತಿಯವರು ಸರ್ಕಾರಿ ಕೆಲಸ ಬಿಟ್ಟದ್ದು ನಲವತ್ತರ ದಶಕದ ಮೊದಲರ್ಧದಲ್ಲಿ. ಅವರ ಎರಡು ದೊಡ್ಡ ಕಾದಂಬರಿಗಳು, ‘ಚೆನ್ನಬಸವನಾಯಕ’ ಮತ್ತು ‘ಚಿಕವೀರ ರಾಜೇಂದ್ರ’, ಎರಡೂ ಅದಾದ ಮೇಲೆ ಬಂದವು, ಎರಡನೆಯದು 1956ರಲ್ಲಿ. ಅಧಿಕಾರದಲ್ಲಿದ್ದಾಗ ಅವರು ಸಣ್ಣಕತೆ ಬರೆದರು. ಕುವೆಂಪು ‘ಕಾನೂರು ಹೆಗ್ಗಡಿತಿ’ಯನ್ನು ಕೆಲಸದಲ್ಲಿದ್ದಾಗಲೇ ಕೊಟ್ಟರು, ನಿಜ. ಆದರೆ ‘ಮಲೆಗಳಲ್ಲಿ ಮದುಮಗಳು’ ಹೊರಬಂದದ್ದು 1967ರಲ್ಲಿ, ಕುಲಪತಿ ಹುದ್ದೆಯಿಂದ ನಿವೃತ್ತರಾಗಿ ಏಳು ವರ್ಷದ ಮೇಲೆ. ಸಣ್ಣಕತೆಯನ್ನು ಭಾನುವಾರಗಳಲ್ಲಿ ಬರೆದುಬಿಡಬಹುದು. ನೂರಾರು ಪಾತ್ರಗಳ ದೊಡ್ಡ ಕಾದಂಬರಿ ಬಿಡುವಿನ ವರ್ಷಗಳನ್ನೇ ಕೇಳುತ್ತದೆ, ಆ ಇಬ್ಬರಿಗೆ ಅದನ್ನು ಕೊಟ್ಟದ್ದು ನಿವೃತ್ತಿ ಮತ್ತು ಪಿಂಚಣಿ. ಈಗ ಮೂವತ್ತರ ಹರೆಯದ ಹುಡುಗಿಯೊಬ್ಬಳಿಗೆ ‘ನೌಕರಿ ಹಿಡಿದು ಬರೆ’ ಎಂದರೆ ಯಾವ ನೌಕರಿ? ಅತಿಥಿ ಉಪನ್ಯಾಸಕಿಯ ಗೌರವ ಸಂಭಾವನೆಯೇ, ಹನ್ನೆರಡು ತಾಸಿನ ಸಾಫ್ಟ್‌ವೇರ್ ದಿನವೇ, ಗಾರ್ಮೆಂಟ್ಸ್ ಪಾಳಿಯೇ? ಪಿಂಚಣಿ ಈಗ ಎಷ್ಟು ಮಂದಿಗಿದೆ?

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇದೇ ವಾದಕ್ಕೆ ಹೊಸ ಉಸಿರು ಬಂತು: ಹಾಸನದಲ್ಲಿ ವಕೀಲಿಕೆ ಮಾಡುತ್ತಲೇ ಬರೆದರಲ್ಲ, ನೋಡಿ. ಬಹುಮಾನ ಪಡೆದ ಸಂಕಲನದ ಕತೆಗಳು ಮೂರು ದಶಕಗಳಿಗೂ ಹೆಚ್ಚು ಕಾಲದ ಬರವಣಿಗೆ. ಅವರ ಹಟಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಬಹುಮಾನದ 50,000 ಪೌಂಡನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡ ನಿಯಮ ನಮ್ಮವರ ಕಣ್ಣಿಗೆ ಯಾಕೆ ಬೀಳಲಿಲ್ಲ? ಅನುವಾದವನ್ನೂ ಅರ್ಧ ಬಹುಮಾನಕ್ಕೆ ಅರ್ಹವಾದ ದುಡಿಮೆ ಎಂದು ಆ ಪ್ರಶಸ್ತಿ ಎಣಿಸುತ್ತದೆ. ಕನ್ನಡದ ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕುವುದಕ್ಕೇ ನಮ್ಮಲ್ಲಿ ಜಗ್ಗಾಡಬೇಕು.

ಸೇವೆಯ ಆದರ್ಶ ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಯಾರು ಬರೆಯಬಹುದು ಎಂಬುದನ್ನು. ಪುಕ್ಕಟೆ ದುಡಿಯಲು ಯಾರಿಗೆ ಸಾಧ್ಯವೋ ಅವರಷ್ಟೇ ಬರೆಯುತ್ತಾರೆ. ಜಮೀನಿದ್ದವರು, ಸಂಬಳವಿದ್ದವರು, ಮನೆಗೆಲಸ ಬೇರೆಯವರ ಪಾಲಾದವರು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ‘ಫಣಿಯಮ್ಮ’ ಬರೆಯಬಲ್ಲ ಆ ಶಕ್ತಿ ಅಲ್ಲಿಯವರೆಗೆ ಪುಸ್ತಕವಾಗದೆ ಉಳಿದಿತ್ತು. ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿಯಾಚೆ ಓದಿದವರಲ್ಲ; 1952ರಿಂದ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಕನ್ನಡದಲ್ಲಿ ಎಷ್ಟೋ ಜನ ತಡೆಯಿಲ್ಲದೆ ಓದಲು ಕಲಿತದ್ದು ಅವರ ಪತ್ತೇದಾರರಾದ ಪುರುಷೋತ್ತಮ, ಮಧುಸೂದನರ ಬೆನ್ನು ಹತ್ತಿ. ಅವರ ಪುಸ್ತಕದಿಂದ ಅಂಗಡಿಗಳು ಬದುಕಿದವು, ಲೈಬ್ರರಿಗಳು ಬದುಕಿದವು. ಬರೆದವರು ಸಿರಿವಂತರಾಗಲಿಲ್ಲ, ವಿಮರ್ಶೆಯೂ ಅವರತ್ತ ತಿರುಗಲಿಲ್ಲ. ಹಣಕ್ಕೆ ಬರೆದವರು ಎಂಬ ಒಂದೇ ಮಾತಿನಲ್ಲಿ ಅವರನ್ನು ಮುಗಿಸಲಾಯಿತು. ಓದು ಕಡಿಮೆಯಿದ್ದ, ಆಸ್ತಿಯಿಲ್ಲದ ಮನುಷ್ಯ ಹಣದ ಮೇಲಲ್ಲದೆ ಇನ್ನು ಯಾವುದರ ಮೇಲೆ ನಿಂತು ಬರೆಯಬೇಕಿತ್ತು?

ಕನ್ನಡದಲ್ಲಿ ಓದುಗರಿಲ್ಲ, ಹಣ ಎಲ್ಲಿಂದ ತರೋಣ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಕೆಲವೇ ತಿಂಗಳಲ್ಲಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಅದರ ವಿಚಾರ ಒಪ್ಪಿದವರೂ ಒಪ್ಪದವರೂ ಕೊಂಡು ಓದಿದರು. ತೇಜಸ್ವಿಯವರ ಪುಸ್ತಕಗಳು ಇವತ್ತಿಗೂ ನಿಲ್ಲದೆ ಮಾರಾಟವಾಗುತ್ತಿವೆ. ಅವರು ತಮ್ಮದೇ ಪ್ರಕಾಶನ ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಹಿಂದಿಯಲ್ಲಿ ವಿನೋದ್ ಕುಮಾರ್ ಶುಕ್ಲ 2022ರಲ್ಲಿ ತಮಗೆ ಬರುತ್ತಿರುವ ರಾಯಲ್ಟಿ ಎಷ್ಟು ಕಡಿಮೆ ಎಂದು ಬಹಿರಂಗವಾಗಿ ಹೇಳಿದಾಗ ಹಿರಿಯ ಲೇಖಕ ಹಣದ ಮಾತಾಡಿದ್ದಕ್ಕೆ ಕೆಲವರು ಮುಜುಗರಪಟ್ಟರು. 2025ರಲ್ಲಿ ಬೇರೊಂದು ಪ್ರಕಾಶನ ಅವರ ಒಂದು ಹಳೆಯ ಕಾದಂಬರಿಯ ಆರು ತಿಂಗಳ ಮಾರಾಟಕ್ಕೆ 30 ಲಕ್ಷ ರೂಪಾಯಿ ಕೊಟ್ಟಿತು. ಓದುಗರು ಇದ್ದರು. ಅವರಿಗೆ ಪುಸ್ತಕ ಮುಟ್ಟಿಸಿ, ಲೆಕ್ಕವನ್ನು ತೆರೆದಿಡುವವರು ಬೇಕಿತ್ತು.

ನಮ್ಮಲ್ಲಿ ಪ್ರಕಾಶನದ ದೊಡ್ಡ ಭಾಗ ಓದುಗರತ್ತ ನೋಡುವುದನ್ನೇ ಬಿಟ್ಟು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯತ್ತ ಮುಖಮಾಡಿ ಕೂತಿದೆ. ಖರೀದಿಯ ದರ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಪುಸ್ತಕ ಆಯ್ಕೆಯಾಗಬೇಕು, ಬಿಲ್ಲು ಮಂಜೂರಾಗಬೇಕು, ಹಣ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ, ಬಂದ ಹಣ ಪ್ರೆಸ್ಸಿನ ಬಾಕಿಗೆ ಹೋಗುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇಕಡ 6 ಗ್ರಂಥಾಲಯ ಕರ ಕಟ್ಟುತ್ತೇವೆ. ನಗರಸಭೆ, ಪಾಲಿಕೆಗಳು ಅದನ್ನು ವಸೂಲಿ ಮಾಡಿಕೊಂಡು ಇಲಾಖೆಗೆ ದಾಟಿಸದೆ ಉಳಿಸಿಕೊಂಡ ಬಾಕಿಯೇ ಕೋಟಿಗಟ್ಟಲೆ. ಹಣವಿಲ್ಲ ಎಂಬುದು ಸುಳ್ಳು. ಪುಸ್ತಕದ ಹೆಸರಿನಲ್ಲಿ ಎತ್ತಿದ ಹಣ ಪುಸ್ತಕಕ್ಕೆ ಬರುತ್ತಿಲ್ಲ.

ಬಂದರೂ ಅದರಲ್ಲಿ ಲೇಖಕರ ಪಾಲು ಕಾನೂನಿನಲ್ಲೇ ಇರಬೇಕು. ಡೆನ್ಮಾರ್ಕಿನಲ್ಲಿ 1946ರಿಂದಲೇ ಗ್ರಂಥಾಲಯದಲ್ಲಿರುವ ಪುಸ್ತಕಗಳಿಗಾಗಿ ಲೇಖಕರಿಗೆ ಸರ್ಕಾರ ಹಣ ಕೊಡುತ್ತಿದೆ. ಬ್ರಿಟನ್ನಿನಲ್ಲಿ 1979ರಲ್ಲಿ ಕಾಯಿದೆಯಾಯಿತು: ಗ್ರಂಥಾಲಯದಿಂದ ಒಂದು ಪುಸ್ತಕ ಎರವಲು ಹೋದಷ್ಟು ಸಲಕ್ಕೂ ಬರೆದವರಿಗೆ ಇಷ್ಟು ಪೆನ್ಸ್. ದೊಡ್ಡ ಹೆಸರುಗಳೇ ಎಲ್ಲವನ್ನೂ ಬಾಚದಂತೆ ಒಬ್ಬರಿಗೆ ವರ್ಷಕ್ಕೆ 6,600 ಪೌಂಡಿನ ಮಿತಿ. ಭಾರತದಲ್ಲಿ ಇಂಥ ಹಕ್ಕು ಇಲ್ಲ. ಗ್ರಂಥಾಲಯಕ್ಕಾಗಿಯೇ ಕರ ಎತ್ತುವ ಕಾಯಿದೆ ಇರುವ ಕರ್ನಾಟಕ ಇದನ್ನು ಮೊದಲು ತರಬಹುದು. ಜಿಲ್ಲಾ ಗ್ರಂಥಾಲಯದಲ್ಲಿ ಹಾಳೆ ಸವೆದು, ಬೈಂಡು ಬಿಚ್ಚಿ, ಮತ್ತೆ ಹೊಲಿಸಿಕೊಂಡು ಓದಿಸಿಕೊಳ್ಳುವ ಕಾದಂಬರಿಗಳಿವೆ. ಅವನ್ನು ಬರೆದವರಿಗೆ ಮೊದಲ ಪ್ರತಿ ಹೋದ ಮೇಲೆ ಒಂದು ಬಿಡಿಗಾಸು ಬಂದಿಲ್ಲ. ಈಗ ನಮ್ಮ ಸರ್ಕಾರ ಲೇಖಕರನ್ನು ನೆನೆಸಿಕೊಳ್ಳುವುದು ಮಾಸಾಶನದ ಅರ್ಜಿಯಲ್ಲಿ, ಅದೂ ವಯಸ್ಸಾಗಿ ಕೈಲಾಗದ ಮೇಲೆ, ಆದಾಯವಿಲ್ಲ ಎಂದು ತಹಶೀಲ್ದಾರರ ಸರ್ಟಿಫಿಕೇಟು ತಂದ ಮೇಲೆ. ದುಡಿಯುವ ವಯಸ್ಸಿನಲ್ಲಿ ಹಕ್ಕಾಗಿ ಬರಬೇಕಾದದ್ದನ್ನು ಮುಪ್ಪಿನಲ್ಲಿ ಅನುಕಂಪವಾಗಿ ಕೊಡುತ್ತಾರೆ.

ಸಾಹಿತ್ಯದ ಹೆಸರಿನ ಸಮಾರಂಭಗಳಲ್ಲೂ ಇದೇ. ಸಮ್ಮೇಳನಗಳಿಗೆ ಕೋಟಿಗಟ್ಟಲೆ ಖರ್ಚಾಗುತ್ತದೆ. ಶಾಮಿಯಾನದವರು, ಮೈಕಿನವರು, ಫ್ಲೆಕ್ಸಿನವರು, ಅಡುಗೆಯವರು ಮುಂಗಡ ಪಡೆದೇ ಬರುತ್ತಾರೆ, ಅದು ಸರಿ. ಗೋಷ್ಠಿಗೆ ಬಂದ ಕತೆಗಾರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆ. ಬಸ್ ಚಾರ್ಜು ಕೇಳಲು ಅವರಿಗೇ ನಾಚಿಕೆ. ಆ ನಾಚಿಕೆಯನ್ನು ಅವರಲ್ಲಿ ತುಂಬಿದ್ದು ನಾವು, ಈ ಸೇವೆಯ ಮಾತಿನಿಂದ. ಸಂಬಳವಿರುವ ಲೇಖಕರಿಗೂ ಇಲ್ಲಿ ಒಂದು ಹೊಣೆ ಇದೆ. ‘ನನಗೆ ಬೇಡ ಬಿಡಿ’ ಎಂದು ಅವರು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಾಗಲೆಲ್ಲ, ಆ ಹಣದ ಮೇಲೇ ತಿಂಗಳು ದೂಡಬೇಕಾದ ಇನ್ನೊಬ್ಬರು ಕೇಳುವುದು ಕಷ್ಟವಾಗುತ್ತದೆ. ಬೇಡವಾದರೆ ಪಡೆದು ಯಾರಿಗಾದರೂ ಕೊಡಲಿ, ಪಡೆಯದೆ ಮಾತ್ರ ಇರಬಾರದು.

ಈಗ ಮೊದಲ ಕಾದಂಬರಿಯ ಹಸ್ತಪ್ರತಿ ಕಟ್ಟಿಟ್ಟುಕೊಂಡಿರುವವರು ಅದನ್ನು ಕೊಡುವ ಮುಂಚೆ ಒಪ್ಪಂದದ ಕಾಗದ ಕೇಳಬೇಕು. ಎಷ್ಟು ಪ್ರತಿ, ಯಾವ ಬೆಲೆ, ಶೇಕಡ ಎಷ್ಟು, ಗ್ರಂಥಾಲಯಕ್ಕೆ ಹೋದ ಪ್ರತಿಗೂ ಅಷ್ಟೇ ಪಾಲು, ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಲೆಕ್ಕದ ಪಟ್ಟಿ, ಎರಡನೇ ಮುದ್ರಣಕ್ಕೆ ಮುಂಚೆ ತಿಳಿಸಿ ಒಪ್ಪಿಗೆ. ಸಿನಿಮಾ, ಆಡಿಯೊ, ಅನುವಾದದ ಹಕ್ಕು ಲೇಖಕರಲ್ಲೇ. ಇಷ್ಟು ಎರಡು ಪುಟದಲ್ಲಿ ಮುಗಿಯುತ್ತದೆ. ಹಕ್ಕುಸ್ವಾಮ್ಯ ಕಾಯಿದೆ 1957ರಿಂದಲೇ ಇದೆ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಅವರ ಮನೆಯವರದು. ‘ನಮ್ಮ ನಿಮ್ಮ ನಡುವೆ ಕಾಗದ ಯಾಕೆ’ ಎಂದು ಪ್ರಕಾಶಕರು ಕೇಳಿದರೆ, ಪ್ರೆಸ್ಸಿನವರಿಗೆ ಕೊಟ್ಟಿರುವ ಆರ್ಡರಿನ ಕಾಗದ ಅವರ ಮೇಜಿನ ಮೇಲೆಯೇ ಇರುತ್ತದೆ, ಅದನ್ನು ತೋರಿಸಬಹುದು. ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಕಾಗದ ಬರೆದುಕೊಡುವ ಪ್ರಕಾಶಕರು ಕನ್ನಡದಲ್ಲಿ ಈಗ ಇದ್ದಾರೆ, ಹಸ್ತಪ್ರತಿ ಅವರ ಬಳಿ ಹೋಗಲಿ.